ಮೂರನೇ ವರ್ಷದ ಹೆಂಗಸರು

"ಮೇಡಂ, ನಿಮ್ಮ ಲೆಕ್ಕದಲ್ಲಿ ನಮ್ಮಕ್ಕನ ಕೆಲಸ ಹೋಗಿಬಿಟ್ಟಿದೆ. ಆದ್ರೆ ಅವಳು ಇವತ್ತು ಬೆಳಿಗ್ಗೆನೂ ಎಂಟಕ್ಕೇ ಡ್ಯೂಟಿಗೆ ಹೋದ್ಲಲ್ಲ!"

ಹಿಂದಿನ ಸಾಲಿನಿಂದ ಎದ್ದವನ ಮಾತಿಗೆ ಸಭಾಂಗಣ ಗೊಳ್ಳೆಂದು ನಕ್ಕಿತು.

ಪರದೆಯ ಮುಂದೆ ನಿಂತಿದ್ದ ಸಂಶೋಧಕಿಯ ಮುಖ ಕೆಂಪೇರಿತು. ಎಂಟು ತಿಂಗಳ ದುಡಿಮೆ! ಹೊಲಿಗೆ ತರಬೇತಿ ಪಡೆದ ನಾಲ್ಕು ಸಾವಿರ ಹೆಂಗಸರನ್ನು ಉದ್ಯೋಗ ಇಲಾಖೆಯ ದಾಖಲೆಗಳಲ್ಲಿ ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ, ರಿಗ್ರೆಷನ್ ಎಂಬ ಅಂಕಿಅಂಶದ ಲೆಕ್ಕ ಮಾಡಿ ಅವಳು ಕಂಡುಕೊಂಡದ್ದು ಇಷ್ಟು: ಮೂರನೇ ವರ್ಷಕ್ಕೆ ಹೆಚ್ಚಿನವರು ಕೆಲಸ ಬಿಡುತ್ತಾರೆ. ಈ ವರದಿ ಒಪ್ಪಿಗೆಯಾದರೆ ಅವಳ ನೌಕರಿ ಕಾಯಂ. ತರಬೇತಿ ಕೇಂದ್ರಕ್ಕೆ ಬೀಗ.

"ನೀವು ಯಾರು?"

"ರೆಕಾರ್ಡ್ ರೂಮ್ ನೋಡ್ಕೊಳ್ಳೋನು."

"ರಿಗ್ರೆಷನ್ ಅಂದ್ರೆ ಏನು ಅಂತ ಗೊತ್ತಾ ನಿಮಗೆ?"

"ಇಲ್ಲ ಮೇಡಂ. ನಮ್ಮಕ್ಕ ಗೊತ್ತು."

ಎಂಥ ಕೊಬ್ಬು! ಆದರೆ ಮನೆಗೆ ಹೋದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು. ಇಡೀ ಸಭೆಯಲ್ಲಿ ನಗದೇ ಇದ್ದವನು ಅವನೊಬ್ಬನೇ...

ಮರುದಿನ ಬಾಗಿಲು ತೆರೆಯುವ ಮೊದಲೇ ರೆಕಾರ್ಡ್ ರೂಮಿನ ಮುಂದೆ ನಿಂತಿದ್ದಳು.

"ತೋರಿಸಿ. ನನ್ನ ಲೆಕ್ಕ ತಪ್ಪಿದ್ರೆ ನನಗೆ ಗೊತ್ತಾಗ್ಬೇಕು."

ಅವನು ಕಪಾಟಿನಿಂದ ಉದ್ದನೆಯ ಪುಸ್ತಕವೊಂದನ್ನು ಇಳಿಸಿದ. "ಬದಲಾವಣೆ ಪುಸ್ತಕ. ಯಾರಾದ್ರೂ ಬೇರೆ ಏರಿಯಾಗೆ ಹೋದ್ರೆ ಹಳೇ ನೋಂದಣಿ ನಂಬರ್ ಮುಚ್ಚಿ ಹೊಸ ನಂಬರ್ ಕೊಡ್ತೀವಿ. ಕಂಪ್ಯೂಟರಿಗೆ ಇದು ಗೊತ್ತಿಲ್ಲ, ಕೆಲಸ ಬಿಟ್ರು ಅಂದ್ಕೊಳ್ಳುತ್ತೆ."

"ಮೂರನೇ ವರ್ಷವೇ ಯಾಕೆ?"

"ಎರಡು ವರ್ಷ ದುಡಿದ ಮೇಲೆ ತಾನೆ ಮೇಡಂ, ಒಂದೇ ಕೋಣೆ ಬಿಟ್ಟು ಸ್ವಲ್ಪ ದೊಡ್ಡ ಮನೆ ಹಿಡಿಯೋದು?"

ಅವಳು ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಅಂದರೆ... ಗೆದ್ದವರನ್ನೇ ಸೋತವರೆಂದು ಎಣಿಸಿದ್ದಳು!

ಹಳೆಯ ನಂಬರಿಗೆ ಹೊಸದನ್ನು ಹೊಂದಿಸುತ್ತ ಹನ್ನೊಂದು ದಿನ ಇಬ್ಬರೂ ಒಂದೇ ಮೇಜಿಗೆ ಕುಳಿತರು. ಅವನು ಓದುತ್ತಿದ್ದ, ಅವಳು ಟೈಪ್ ಮಾಡುತ್ತಿದ್ದಳು.

"ಕಣ್ಣು ನೋಯಲ್ವಾ ಮೇಡಂ?"

"ನೋಯುತ್ತೆ. ಮುಂದಿನ ನಂಬರ್ ಹೇಳಿ."

"ಎಷ್ಟು ಶಿಸ್ತು! ಹೆಡ್‌ಮಾಸ್ಟರ್ ಮಗಳಾ ನೀವು?"

"ಅಲ್ಲ, ಮೊಮ್ಮಗಳು."

ಆ ಮೇಜಿನಿಂದ ಎದ್ದು ಹೋಗಬೇಕೆಂದು ಅವಳಿಗೆ ಒಮ್ಮೆಯೂ ಅನಿಸಲಿಲ್ಲ.

ಹನ್ನೆರಡನೆಯ ದಿನ ಮತ್ತೆ ರಿಗ್ರೆಷನ್ ಮಾಡಿದಳು. ಮೂರನೇ ವರ್ಷದ ಕುಸಿತ ಬಹುಪಾಲು ಮಾಯ! ಉಳಿದದ್ದು ಹಸುಗೂಸಿದ್ದ ತಾಯಂದಿರಲ್ಲಿ ಮಾತ್ರ. ಅವರಿಗೆ ಬೇಕಿದ್ದದ್ದು ಮಗುವನ್ನು ಬಿಟ್ಟುಹೋಗಲು ಒಂದು ಜಾಗ.

ನಿರ್ದೇಶಕರ ಕೋಣೆಗೆ ಓಡಿದಳು. ಒಳಗಿನಿಂದ ಅವನೇ ಹೊರಬಂದ. ಕಣ್ಣು ತಪ್ಪಿಸಿ ಹೋಗಿಯೇಬಿಟ್ಟ.

"ಬಾಮ್ಮ. ನಿನ್ನ ವರದಿ ಬಗ್ಗೆ ಅವನೊಂದು ಪತ್ರ ಕೊಟ್ಟಿದ್ದಾನೆ," ಎಂದರು ನಿರ್ದೇಶಕರು.

ದೂರು! ಹನ್ನೊಂದು ದಿನ ಪಕ್ಕದಲ್ಲೇ ಕೂತು, ಬೆನ್ನ ಹಿಂದೆ ಇದಾ? ತುಂಬಿ ಬಂದ ಕಣ್ಣಲ್ಲೇ ಪತ್ರ ಬಿಡಿಸಿದಳು.

'ಸಂಶೋಧಕಿಯವರು ಬದಲಾವಣೆ ಪುಸ್ತಕ ಕೇಳಿದ್ದರು. ಕೊಡದಿದ್ದದ್ದು ನಾನು. ತಪ್ಪು ನನ್ನದು.'

ಸುಳ್ಳು! ಅವಳು ಕೇಳಿಯೇ ಇರಲಿಲ್ಲ.

ಸುಮ್ಮನಿದ್ದರೆ ಸಾಕಿತ್ತು, ನೌಕರಿ ಕಾಯಂ ಆಗುತ್ತಿತ್ತು. ಅವಳು ಪತ್ರವನ್ನು ಮಡಚಿದಳು.

"ಇದು ನಿಜ ಅಲ್ಲ ಸಾರ್. ದಾಖಲೆ ಹೇಗೆ ಬರೀತಾರೆ ಅಂತ ನಾನು ಯಾರನ್ನೂ ಕೇಳ್ಲೇ ಇಲ್ಲ. ತಪ್ಪು ನಂದು. ಹೊಸ ವರದಿ ತಂದಿದ್ದೀನಿ."

"ನಿನ್ನ ಕೆಲಸ ಕಾಯಂ ಆಗೋದು ಒಂದು ವರ್ಷ ಮುಂದೆ ಹೋಗುತ್ತಮ್ಮ."

"ಹೋಗ್ಲಿ ಸಾರ್. ಕೇಂದ್ರ ಮುಚ್ಚಬೇಡಿ."

ಅವರು ಎರಡು ಸಲ ಓದಿ, ಕನ್ನಡಕ ತೆಗೆದು, ಸಹಿ ಹಾಕಿದರು.

ಅವಳು ಸೀದಾ ರೆಕಾರ್ಡ್ ರೂಮಿಗೆ ಹೋಗಿ ಪತ್ರವನ್ನು ಮೇಜಿನ ಮೇಲೆ ಬಡಿದಳು.

"ಇದನ್ನ ಬರೀರಿ ಅಂತ ಯಾರು ಕೇಳಿದ್ರು? ನಿಮ್ಮ ನೌಕರಿಗೇ ಕುತ್ತು ಬರ್ತಿತ್ತು, ಗೊತ್ತಾ?"

"ಗೊತ್ತು." ಅವನು ತಲೆ ತಗ್ಗಿಸಿದ. "ನಿಮ್ಮ ಕೆಲಸ ಹೋದ್ರೆ ನೀವು ಇಲ್ಲಿಗೆ ಬರಲ್ಲ ಅಂತ... ಹೆದರಿಕೆ ಆಯ್ತು."

ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಹೋಯಿತೋ!

"ನನಗೋಸ್ಕರ ಸುಳ್ಳು ಬರೆಯೋರು ನನಗೆ ಬೇಡ," ಎಂದಳು, ದನಿ ಸಣ್ಣಗಾಗಿತ್ತು. "ಮುಖಕ್ಕೆ ಹೊಡೆದ ಹಾಗೆ ನಿಜ ಹೇಳೋರು ಬೇಕು. ಜೀವನ ಪೂರ್ತಿ."

ಅವನು ನಿಧಾನವಾಗಿ ತಲೆ ಎತ್ತಿದ.

"ಜೀವನ ಪೂರ್ತಿನಾ ಮೇಡಂ?"

"ಮೊದಲು ಆ ಮೇಡಂ ಬಿಡಿ."

"ಮತ್ತೆ ಏನಂತ ಕರೀಲಿ?"

"ಹೇಗೆ ಬರುತ್ತೋ ಹಾಗೆ..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಆದ್ರೆ ಕರೀತಾ ಇರಿ."