ಇಬ್ಬರೂ ನೋಡಬೇಕಾದ ಹಕ್ಕಿ

"ನೀನೂ ನೋಡ್ದೆ ತಾನೇ?" ಎಂದು ತನುಜಾ ಕೇಳಿದಾಗ ಶ್ರೀನಾಥ್ "ಹೂಂ ಕಣೇ, ಚೆನ್ನಾಗೇ ನೋಡ್ದೆ" ಎಂದುಬಿಟ್ಟಿದ್ದ. ಅವತ್ತಿನಿಂದ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅವನು ಹಕ್ಕಿಯನ್ನು ನೋಡಿರಲೇ ಇಲ್ಲ. ಆನೇಮಹಲ್ ಹತ್ತಿರದ ಎಸ್ಟೇಟಿನಲ್ಲಿ, ಹೂಬಿಟ್ಟ ಕಾಫಿ ಗಿಡಗಳ ನಡುವೆ ಇಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದರು. ತನುಜಾ ಥಟ್ಟನೆ ಅವನ ತೋಳು ಹಿಡಿದಳು. ಅವಳ ಕಣ್ಣು ಅರಳಿತು, ತುಟಿ ಸದ್ದಿಲ್ಲದೆ "ಕಾಶ್ಮೀರಿ" ಎಂದಿತು. ಚಳಿಗಾಲಕ್ಕೆ ಕಾಶ್ಮೀರದಿಂದ ಇಳಿದುಬರುವ ನೊಣಹಿಡುಕ, ಗುಬ್ಬಿಗಿಂತ ಚಿಕ್ಕದು. ಅದಕ್ಕಾಗಿ ಅವಳು ಹೈಸ್ಕೂಲಿನಿಂದ ಕಾದಿದ್ದಳು. ಈ ಪುಣ್ಯಾತ್ಮನೋ, ಕೊಂಬೆ ಬಿಟ್ಟು ಅವಳ ಮುಖವನ್ನೇ ನೋಡುತ್ತ ನಿಂತಿದ್ದ! ಅವಳು ಕ್ಯಾಮೆರಾ ಎತ್ತುವಷ್ಟರಲ್ಲಿ ಹಕ್ಕಿ ಹಾರಿಹೋಗಿತ್ತು.

ಫೋಟೋ ಇಲ್ಲವೆಂದ ಮೇಲೆ ಸಾಕ್ಷಿ ಬೇಕು. ಸಕಲೇಶಪುರದ ಈ ವಿದ್ಯಾರ್ಥಿಗಳೂ ಧಾರವಾಡದವರೂ ವಾರವಾರ ವಿಡಿಯೋ ಕಾಲ್‌ನಲ್ಲಿ ತಾವು ಕಂಡ ಹಕ್ಕಿಗಳನ್ನು ಹಂಚಿಕೊಳ್ಳುತ್ತಿದ್ದರು. ಅಪರೂಪದ್ದಾದರೆ ಇಬ್ಬರು ಒಟ್ಟಿಗೇ ಕಂಡಿರಬೇಕು; ಒಬ್ಬರು ಸಾಕ್ಷಿ ಹೇಳುವಾಗ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ.

ಕಾಲ್ ಶುರುವಾಗುವ ಮುಂಚೆ ತನುಜಾ ಪಿಸುಗುಟ್ಟಿದಳು. "ನನ್ ಜೀವ ಎಲ್ಲಾ ನಿನ್ ಬಾಯಲ್ಲೈತೆ ಮಾರಾಯ."

ಧಾರವಾಡದ ಪ್ರದೀಪ್ ಪರದೆಯ ಮೇಲೆ ಬಂದ. "ಶ್ರೀನಾಥ್, ಎದಿ ಕೆಂಪಿನ ಸುತ್ತ ಕರಿ ಅಂಚು ಇತ್ತೇನ್ರೀ?"

ಆ ಅಂಚಿದ್ದರಷ್ಟೇ ಕಾಶ್ಮೀರಿ. ಹೂಂ ಎಂದರೆ ತನುಜಾ ಗೆಲ್ಲುತ್ತಾಳೆ. ಆದರೆ ಅವಳು ಪ್ರಾಣಕ್ಕಿಂತ ಹೆಚ್ಚಾಗಿ ನಂಬಿದ ಕೆಲಸಕ್ಕೆ ಅವಳ ಹೆಸರಿನಲ್ಲೇ ಸುಳ್ಳು ಸೇರಿಸುವುದೇ? ಶ್ರೀನಾಥ್ ಪರದೆಯತ್ತ ಬಾಗಿದ.

"ನಾನು ಹಕ್ಕಿ ನೋಡ್ಲಿಲ್ಲ."

ತನುಜಾಳ ಮುಖ ಬಿಳಿಚಿತು.

"ಮತ್ತ ಏನ್ ನೋಡಿದ್ರಿ?"

"ತನುಜಾನ ನೋಡ್ತಿದ್ದೆ. ಯಾವಾಗ್ಲೂ ಅವಳನ್ನೇ ನೋಡ್ತೀನಿ. ಆದ್ರೆ ಒಂದ್ ಮಾತು, ಮಾಮೂಲಿ ಹಕ್ಕಿಗೆಲ್ಲ ಅವಳ ಮುಖ ಹಂಗಾಗಲ್ಲ. ಅವಳು ಕಂಡಿದ್ದು ಅದನ್ನೇ."

ಆ ಕಡೆಯಿಂದ ಯಾರೋ ಸಿಳ್ಳೆ ಹೊಡೆದರು. ಪ್ರದೀಪ್ ನಗು ತಡೆದುಕೊಂಡ. "ಸಾಕ್ಷಿ ಭಾಳ ಚಲೋ ಐತ್ರಿ. ಆದ್ರ ನಡಿಯಂಗಿಲ್ಲ."

ತನುಜಾ ಬ್ಯಾಗ್ ಎತ್ತಿಕೊಂಡು ಹೋಗಿಬಿಟ್ಟಳು. ಶ್ರೀನಾಥ್ ಫೋನ್ ಮಾಡಿದ, ಎತ್ತಲಿಲ್ಲ. ಮೆಸೇಜ್ ಹಾಕಿದ, ಅಳಿಸಿದ, ಮತ್ತೆ ಹಾಕಿದ. ಕೂತಲ್ಲಿ ಕೂರಲಾಗದೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಸುಮ್ಮನೆ ವಾಪಸ್ ಬಂದ.

ಬೆಳಗಾಗುತ್ತಲೇ ಅವಳದೇ ಫೋನು. "ಎಸ್ಟೇಟ್ ಗೇಟ್ ಹತ್ರ ಬಾ."

ಓಡೋಡಿ ಹೋದ. ಅವಳ ಕಣ್ಣು ಊದಿಕೊಂಡಿತ್ತು.

"ಮೊದ್ಲೇ ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತೋ?"

"ಯಾವುದನ್ನ?"

"ಎರಡನ್ನೂ!" ಅವಳು ಮುಂದೆ ನಡೆದಳು. "ಇವತ್ತು ನನ್ ಕಡೆ ತಿರುಗಿದ್ರೆ ಸಾಯಿಸ್ಬುಡ್ತೀನಿ."

ಶ್ರೀನಾಥ್ ಕೊಂಬೆಯಲ್ಲೇ ಕಣ್ಣು ನೆಟ್ಟು ನಿಂತ. ಕತ್ತು ನೋಯುತ್ತಿದ್ದರೂ ತಿರುಗಲಿಲ್ಲ. ಬಿಸಿಲು ಏರುವ ಹೊತ್ತಿಗೆ ಪುಟ್ಟ ಹಕ್ಕಿಯೊಂದು ಎದುರಿಗೇ ಬಂದು ಕೂತಿತು. ಕೆಂಪು ಎದೆ, ಸುತ್ತ ಕಪ್ಪು ಅಂಚು. ಬಾಲ ಕುಣಿಸಿತು, ಹಾರಿತು.

"ಐತೆ ಕಣೇ! ಕರಿ ಅಂಚು ಐತೆ! ನೋಡ್ದ್ಯಾ?"

ಖುಷಿಯಲ್ಲಿ ತಿರುಗಿದ. ತನುಜಾ ಅವನನ್ನೇ ನೋಡುತ್ತಿದ್ದಳು; ಎಷ್ಟು ಹೊತ್ತಿನಿಂದಲೋ ಏನೋ. ಸಿಕ್ಕಿಬಿದ್ದರೂ ಕಣ್ಣು ತಗ್ಗಿಸಲಿಲ್ಲ.

"ಅಯ್ಯೋ ನಿನ್ನ! ಪ್ರದೀಪ್‌ಗೆ ಏನಂತೀಯ ಈಗ?"

"ನಾನು ನೋಡ್ಲಿಲ್ಲ ಅಂತೀನಿ."

"ಯಾಕೆ ಅಂತ ಕೇಳ್ತಾನೆ."

"ಕೇಳ್ಲಿ," ಎಂದಳು ತನುಜಾ. "ಎಲ್ರ ಮುಂದೇನೇ ಹೇಳ್ತೀನಿ."