ಮಾದರಿಯಿಲ್ಲದ ಮುಚ್ಚಳಿಕೆ

“ನನಗೇನು ಮೀಸಿ ಅದಾವೇನ್ರಿ?”

ಬಳ್ಳಾರಿಯ ನಮ್ಮ ಕಾಲೇಜಿನ ಆಫೀಸಿಗೆ ಬಂದ ಮೊದಲ ದಿನವೇ ಗುರುಬಸಮ್ಮ ನನ್ನನ್ನು ಕೇಳಿದ ಮಾತಿದು. ಕೆಮಿಸ್ಟ್ರಿ ವಿಭಾಗಕ್ಕೆ ಅಲ್ಲಿಯವರೆಗೆ ಪಾಠ ಮಾಡಲು ಹೆಂಗಸರು ಬಂದಿರಲಿಲ್ಲ. ಸ್ಟಾಫ್ ಪಟ್ಟಿ ಟೈಪ್ ಮಾಡುವಾಗ ನನ್ನ ಕೈ ಅಭ್ಯಾಸಬಲದಿಂದ ಆಕೆಯ ಹೆಸರಿನ ಮುಂದೆ ‘ಮಿಸ್ಟರ್’ ಎಂದು ಹೊಡೆದಿತ್ತು.

ಕ್ಷಮೆ ಕೇಳಿದೆ. ಆಕೆ ನಕ್ಕಳು. ಕುರುಗೋಡಿನ ಬಸ್ಸಿನ ಧೂಳು ಮುಖದ ಮೇಲೆ ಇನ್ನೂ ಇತ್ತು, ನಗುವಿನ ಮೇಲೆ ಇರಲಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಆಮೇಲೆ ಆಕೆಯ ಕ್ವಶ್ಚನ್ ಪೇಪರುಗಳಲ್ಲಿ ಬೇಕಂತಲೇ ತಪ್ಪು ಮಾಡತೊಡಗಿದೆ. ತಪ್ಪಿದ್ದರೆ ತಿದ್ದಲು ಬರಬೇಕು. ಬಂದರೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಸ್ಟೆನ್ಸಿಲ್ ಮೇಲೆ ಬಗ್ಗಿ, ತಪ್ಪಿನ ಮೇಲೆ ಅಕ್ಷರ ಅಳಿಸುವ ಕೆಂಪು ದ್ರವ ಹಚ್ಚಬೇಕು. ಒಮ್ಮೆ ಅದು ಆಕೆಯ ಉಗುರಿಗೆ ಅಂಟಿತು. ನೋಡುತ್ತ ಕೂತುಬಿಟ್ಟೆ.

“ಕೊಟ್ಟೂರಪ್ಪನವರ, ತಪ್ಪು ಹಾಳಿ ಮ್ಯಾಲ ಐತಿ, ನನ್ನ ಕೈ ಮ್ಯಾಲಲ್ಲ.”

“ಹೌದೇನ್ರಿ?”

“ಬ್ಯಾರೇದವರ ಪೇಪರ್ನಾಗ ಒಂದೂ ಇಲ್ಲ, ನಂದ್ರಾಗ ಹತ್ತು! ನನಗ ಗೊತ್ತಾಗಂಗಿಲ್ಲ ಅನ್ಕೊಂಡೀರೇನು?”

ಗೊತ್ತಿದ್ದೂ ಬರುತ್ತಿದ್ದಳು. ಹೀಗೆ ಐದು ವರ್ಷ. ೧೯೭೩ರ ದೀಪಾವಳಿ ಕಳೆದ ಮೇಲೆ ಸಿರುಗುಪ್ಪದಲ್ಲಿದ್ದ ನನ್ನ ಅವ್ವನಿಗೂ ಕುರುಗೋಡಿನಲ್ಲಿದ್ದ ಆಕೆಯ ಅಪ್ಪನಿಗೂ ಹೇಳಿ ಮದುವೆಯಾಗುವುದೆಂದು ಗೊತ್ತು ಮಾಡಿಕೊಂಡೆವು.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ನಿವೃತ್ತರಾದರು. ಸೀನಿಯಾರಿಟಿಯಲ್ಲಿ ಮುಂದಿನ ಹೆಸರು ಗುರುಬಸಮ್ಮನದೇ. ಪ್ರಿನ್ಸಿಪಾಲ್ ಉಜ್ಜಿನಪ್ಪನವರು ನನ್ನನ್ನು ಕರೆದರು.

“ಐದು ವರ್ಷ ಮದುವಿ ಆಗೂದಿಲ್ಲಂತ ಆಕಿ ಕಡಿಂದ ಒಂದು ಮುಚ್ಚಳಿಕೆ ಬೇಕು. ಕಮಿಟಿಯವರು ಹೇಳ್ಯಾರ. ಇಲ್ಲಾಂದ್ರ ಆ ಕುರ್ಚಿ ಮಾರೆಣ್ಣಗ ಕೊಡ್ತಾರ. ಟೈಪ್ ಮಾಡು.”

ಮಾರೆಣ್ಣ ಅದೇ ವಿಭಾಗಕ್ಕೆ ಆಕೆಗಿಂತ ಎರಡು ವರ್ಷ ತಡವಾಗಿ ಸೇರಿದವನು.

“ಮಾದರಿ ಎಲ್ಲೈತ್ರಿ ಸರ್?”

“ಹಳೇ ಫೈಲ್ನಾಗ ನೋಡು.”

ಹದಿನೈದು ವರ್ಷದ ಫೈಲುಗಳನ್ನು ತಿರುವಿಹಾಕಿದೆ. ಮದುವೆಯಾಗುವುದಿಲ್ಲವೆಂದು ಒಬ್ಬ ಗಂಡಸೂ ಬರೆದುಕೊಟ್ಟಿರಲಿಲ್ಲ. ಮಾರೆಣ್ಣ ಹೋದ ತಿಂಗಳಷ್ಟೇ ಮದುವೆಯಾಗಿದ್ದ. ನಾವೆಲ್ಲ ಸೇರಿ ಗೋಡೆ ಗಡಿಯಾರ ಕೊಟ್ಟಿದ್ದೆವು.

ನಾನೇ ಮಾದರಿ ಕಟ್ಟಿದೆ. ನಾಲ್ಕು ಹಾಳೆ ಹಾಳಾದವು. ಈ ಸಲದ ತಪ್ಪುಗಳು ಬೇಕಂತ ಮಾಡಿದವಲ್ಲ. ಐದನೆಯದು ಸರಿಬಂತು.

ಮಧ್ಯಾಹ್ನ ಆಕೆ ಬಂದು ಸ್ಟೂಲಿನಲ್ಲಿ ಕೂತು ಓದಿದಳು.

“ಒಂದೂ ತಪ್ಪಿಲ್ಲ,” ಎಂದಳು.

“ಸಹಿ ಹಾಕಬ್ಯಾಡ್ರಿ. ಮಾರೆಣ್ಣನೇ ಮುಖ್ಯಸ್ಥ ಆಗ್ಲಿ ಬಿಡ್ರಿ. ನಾವು ಮದುವಿ ಆಗೂಣು. ನಿಮ್ಮ ನೌಕರಿ ಏನೂ ಹೋಗಂಗಿಲ್ಲಲ್ಲ.”

ಆಕೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

“ನಮ್ಮ ಲ್ಯಾಬ್ನಾಗ ಹೆಣ್ಣುಮಕ್ಕಳನ್ನ ಹಿಂದ ನಿಲ್ಲಸ್ತಾರ. ಗಂಡುಹುಡುಗ್ರು ಪ್ರಯೋಗ ಮಾಡ್ತಾರ, ಹುಡುಗ್ಯಾರು ನೋಡಿ ಬರಕೋತಾರ. ಐದು ವರ್ಷ ಹೇಳೀನಿ, ಯಾರೂ ಕೇಳಿಲ್ಲ. ಆ ಕುರ್ಚಿ ಸಿಕ್ರ ಯಾರನ್ನೂ ಕೇಳಬೇಕಾಗಿಲ್ಲ. ಕೊಟ್ಟೂರಪ್ಪನವರ, ನೀವೂ ಬಿಡು ಅಂತೀರೇನು?”

ನನಗೆ ಆಕೆ ಬೇಕಾಗಿದ್ದಳು; ಆಕೆಗೆ ಏನು ಬೇಕೆಂದು ನಾನು ಯೋಚಿಸಿರಲೇ ಇಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಆಕೆ ಪೆನ್ನು ಕೇಳಿದಳು. ಕೊಟ್ಟೆ.

“ಈ ಐದು ವರ್ಷ ಮುಗಿಯೂದ್ರಾಗ ನನಗ ಮೂವತ್ಮೂರು ಆಗಿರ್ತಾವ,” ಎಂದಳು ಸಹಿ ಹಾಕುತ್ತ. “ನೀವು ಕಾಯಬ್ಯಾಡ್ರಿ. ನಿಮ್ಮವ್ವಗ ಸೊಸಿ ಬೇಕು.”

ಕಣ್ಣು ತುಂಬಿದ್ದವು. ಸೆರಗಿನಲ್ಲಿ ಒರೆಸಿಕೊಂಡು ಹಾಳೆ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದಳು.

ನಾನು ಮೆಷಿನ್ನಿಗೆ ಇನ್ನೊಂದು ಹಾಳೆ ಏರಿಸಿದೆ. ಒಕ್ಕಣೆ ಅದೇ, ಹೆಸರು ಮಾತ್ರ ನನ್ನದು. ಸಿರುಗುಪ್ಪದ ಕೊಟ್ಟೂರಪ್ಪ ಎಂಬ ನಾನು ಇಂದಿನಿಂದ ಐದು ವರ್ಷ ಮದುವೆಯಾಗುವುದಿಲ್ಲ. ಕೆಳಗೆ ಸಹಿ ಹಾಕಿದೆ. ಆಕೆ ಹೊರಬರುತ್ತಲೇ ಕೈಗಿತ್ತೆ.

ನಿಂತೇ ಓದಿದಳು. ಮತ್ತೆ ಓದಿದಳು. ಆಮೇಲೆ ಹಾಳೆಯನ್ನು ನನ್ನ ಟೇಬಲ್ಲಿನ ಮೇಲಿಟ್ಟು, ಮೇಡಂ ದನಿ ತಂದುಕೊಂಡು ಹೇಳಿದಳು:

“ಇದ್ರಾಗ ಭಾಳ ತಪ್ಪು ಅದಾವ್ರಿ. ನಾಳಿ ಬರ್ತೀನಿ, ತಿದ್ದೂಣು.”

ಆಕೆ ಹೋದ ಮೇಲೆ ನಾಲ್ಕು ಸಲ ಓದಿ ನೋಡಿದೆ. ಒಂದು ತಪ್ಪೂ ಇರಲಿಲ್ಲ. ಪಕ್ಕದ ಸ್ಟೂಲಿನ ಧೂಳು ಒರೆಸಿಟ್ಟು ಮನೆಗೆ ಹೊರಟೆ.