ಅಜ್ಜಿ ಚಮಚ ಎಣಿಸಿದ ದಿನ

ಅಜ್ಜಿ ಅಡುಗೆಮನೆಯ ಡ್ರಾಯರ್ ಎಳೆದು ಚಮಚಗಳನ್ನು ಎಣಿಸತೊಡಗಿದರು.

"ಅಜ್ಜಿ, ಏನ್ ಮಾಡ್ತಿದ್ದೀಯಾ?" ಎಂದಳು ಚಿನಕುರಳಿ. ಸದಾ ಪಟಪಟ ಮಾತಾಡುವ ಅವಳಿಗೆ ಮನೆಯವರೇ ಇಟ್ಟ ಹೆಸರು ಅದು.

"ನಿನ್ನ ಫ್ರೆಂಡ್ ಬಂದು ಹೋದಳಲ್ಲ, ಎಲ್ಲಾ ಇದೆಯಾ ಅಂತ ನೋಡ್ತಿದ್ದೀನಿ."

"ಬೇರೆ ಫ್ರೆಂಡ್ಸ್ ಬಂದಾಗ ನೀನು ಎಣಿಸಲ್ವಲ್ಲ?"

"ಅವರೆಲ್ಲ ನಮ್ಮಂಥವರು. ಇವಳ ಬಣ್ಣ ನೋಡಿದೆಯಾ? ಎಲ್ಲಿಂದ ಬಂದ ಜನವೋ ಏನೋ! ದೇವರಿಗೆ ಕೈ ಕೂಡ ಮುಗಿಯಲ್ವಂತೆ. ದೇವರ ಭಯವೇ ಇಲ್ಲದವರಿಗೆ ಇನ್ಯಾವ ಭಯ ಇರತ್ತೆ, ಹೇಳು?"

ಬಾಗಿಲ ಬಳಿ ಯಾರೋ ಕೆಮ್ಮಿದರು. ಈಗಷ್ಟೇ ಹೋಗಿದ್ದ ಆ ಕೆಳಗಿನ ಮನೆಯ ಗೆಳತಿಯೇ ನಿಂತಿದ್ದಳು.

"ಸ್ಕೆಚ್ ಪೆನ್ ಬಿಟ್ಟು ಹೋಗಿದ್ದೆ," ಎಂದಳು. ಮೇಜಿನ ಮೇಲಿದ್ದ ಪೆನ್ ಎತ್ತಿಕೊಂಡಳು. ಆಮೇಲೆ, ಯಾರೂ ಕೇಳದಿದ್ದರೂ, ಸ್ಕರ್ಟಿನ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದಳು. ಒಂದು ಹಳೇ ಬಸ್ ಟಿಕೆಟ್ ಕೆಳಗೆ ಬಿತ್ತು. ಬೇರೇನೂ ಇರಲಿಲ್ಲ.

ಚಿನಕುರಳಿಯ ಬಾಯಿಗೆ ಬೀಗ ಬಿದ್ದಿತ್ತು.

ಮರುದಿನ ಕ್ಲಾಸಿನಲ್ಲಿ ಗೆಳತಿ ಬೇರೆ ಬೆಂಚಿನಲ್ಲಿ ಕೂತಳು. ಚಿನಕುರಳಿಗೆ ಪಾಠ ತಲೆಗೆ ಹತ್ತಲಿಲ್ಲ.

ಸುಳ್ಳು ಹೇಳಬಾರದು, ಇರುವೆ ಕಂಡರೆ ದಾಟಿ ನಡೆಯಬೇಕು, ಇದ್ದದ್ದನ್ನು ಹಂಚಿ ತಿನ್ನಬೇಕು. ಇದೆಲ್ಲ ಅವಳು ಕಲಿತದ್ದು ಅಜ್ಜಿಯಿಂದಲೇ. "ನಿಂಗೆ ಯಾರು ಹೇಳಿಕೊಟ್ರು?" ಎಂದರೆ ಅಜ್ಜಿ ಮೇಲಕ್ಕೆ ಕೈ ತೋರಿಸುತ್ತಿದ್ದರು.

ಅದೇ ಪ್ರಶ್ನೆಯನ್ನು ಒಮ್ಮೆ ಗೆಳತಿಯನ್ನೂ ಕೇಳಿದ್ದಳು. "ನಮ್ಮಮ್ಮ ಬಸ್ ಓಡಿಸಿ ಸುಸ್ತಾಗಿ ಬರ್ತಾಳೆ. ನಾನು ಏನಾದ್ರೂ ತಪ್ಪು ಮಾಡಿದ್ರೆ, 'ನಿಂಗೇ ಯಾರಾದ್ರೂ ಹೀಗೆ ಮಾಡಿದ್ರೆ?' ಅಂತ ಕೇಳ್ತಾಳೆ. ಅಷ್ಟೇ," ಎಂದಿದ್ದಳು ಗೆಳತಿ.

ಸಂಜೆ ಚಿನಕುರಳಿ ಕೆಳಗಿನ ಮನೆಯ ಬಾಗಿಲು ತಟ್ಟಿದಳು. ಗೆಳತಿ ಅರ್ಧ ಬಾಗಿಲು ತೆರೆದಳು.

"ನಿಮ್ಮಜ್ಜಿ ಕಳಿಸಿದ್ರಾ?"

"ಇಲ್ಲ. ನಾನೇ ಬಂದೆ. ಸಾರಿ."

"ನೀನೇನೂ ಹೇಳಲಿಲ್ವಲ್ಲ."

"ಅದಕ್ಕೇ ಸಾರಿ."

ಗೆಳತಿ ನೆಲ ನೋಡಿದಳು. "ನಿಮ್ಮಜ್ಜಿ ಅಂದ್ರೆ ನಂಗೆ ತುಂಬಾ ಇಷ್ಟ ಇತ್ತು ಕಣೇ," ಎಂದಳು. ಆಮೇಲೆ, "ಹೋಮ್‌ವರ್ಕ್ ಇದೆ," ಎಂದು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು. ದಡಾರನೆ ಹಾಕಿದ್ದರೇ ಚೆನ್ನಾಗಿರುತ್ತಿತ್ತು ಎನಿಸಿತು ಚಿನಕುರಳಿಗೆ.

ಅವಳು ಮೇಲೆ ಬಂದಾಗ ಅಜ್ಜಿ ಪ್ರಾರ್ಥನೆಗೆ ಕೂತಿದ್ದರು. ಚಿನಕುರಳಿ ಪಕ್ಕದಲ್ಲಿ ಕೂತಳು. ಏನೇ ಗೊತ್ತಾಗದಿದ್ದರೂ ಅಜ್ಜಿಯನ್ನು ಕೇಳುವುದು ಅವಳ ರೂಢಿ. ಅಜ್ಜಿಯೇ ತಪ್ಪು ಮಾಡಿದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಅಜ್ಜಿಯನ್ನು ಕೇಳುವಂತಿರಲಿಲ್ಲ.

"ಅಜ್ಜಿ..."

"ಶ್! ಪ್ರಾರ್ಥನೆ ಹೊತ್ತಲ್ಲಿ ಮಾತಾಡಬಾರದು."

"ಗೊತ್ತು. ಅವಳ ಮನೆಗೆ ಹೋಗಿದ್ದೆ. ನೀನಂದ್ರೆ ಅವಳಿಗೆ ತುಂಬಾ ಇಷ್ಟ ಇತ್ತಂತೆ."

"ಇತ್ತಂತೆ?"

"ಹ್ಞೂಂ. ಇತ್ತಂತೆ."

ಅಜ್ಜಿ ಮತ್ತೆ ಕಣ್ಣು ಮುಚ್ಚಿದರು. ತುಟಿ ಅಲುಗಿತು, ಆದರೆ ಪ್ರಾರ್ಥನೆಯ ಮುಂದಿನ ಸಾಲು ಬರಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದರು. ಅಲ್ಲೇ ನಿಂತಿತು.

ಚಿನಕುರಳಿಗೆ ಆ ಸಾಲು ಬಾಯಿಪಾಠವಾಗಿತ್ತು. ಆದರೂ ಅವಳು ಹೇಳಿಕೊಡಲಿಲ್ಲ. ಅಜ್ಜಿಯ ಮುಖ ನೋಡುತ್ತಾ ಸುಮ್ಮನೆ ಕಾದಳು.